ಬನಹಟ್ಟಿಗೆ ಒಯ್ದ ನೇರಳೆ ಕಲ್ಲು

ಧಾರವಾಡದಿಂದ ಜಮಖಂಡಿಗೆ ಹೋಗುವ ಗಾಡಿ ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು, ಏಳೂಮುಕ್ಕಾಲಿಗೆ ಹೊರಟಿತು. ಸಂಕ್ರಮಣ ಮುಗಿದು ನಾಲ್ಕು ದಿನವಾಗಿದ್ದರೂ ಚಳಿ ಬಿಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಬಟ್ಟೆಯ ಚೀಲ. ಅದರಲ್ಲಿ ಎರಡು ಸೀರೆ, ಹೊಳಪಿನ ಪುಡಿಯ ಡಬ್ಬಿ, ಒಂದು ಭೂತಗನ್ನಡಿ. ಕುಪ್ಪಸದ ಒಳಗೆ ಪಿನ್ನು ಹಾಕಿದ ಪುಟ್ಟ ಸಂಚಿಯಲ್ಲಿ ಒಂದು ಕಲ್ಲು. ಗುರುವಾರದಿಂದ ರಜೆ ಬರೆದುಕೊಟ್ಟಿದ್ದೆ. ಕಾರಣದ ಜಾಗದಲ್ಲಿ ‘ಸಂಬಂಧಿಕರ ಅನಾರೋಗ್ಯ’ ಎಂದು ತುಂಬಿದ್ದೆ. ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಟೀಚರು ಒಂದು ಕಲ್ಲು ತೋರಿಸಿ ಬರಲು ಅಷ್ಟು ದೂರ ಹೋಗುತ್ತಾಳೆಂದರೆ ನಮ್ಮ ಹೆಡ್‌ಮಿಸ್ಟ್ರೆಸ್ ಸಹಿ ಹಾಕುವವರಲ್ಲ.

ಕಲ್ಲು ಸಾಣೆ ಹಿಡಿಯುವುದು ನನ್ನ ಹುಚ್ಚು. ವ್ಯಾಪಾರವಲ್ಲ, ಈವರೆಗೆ ಒಂದನ್ನೂ ಮಾರಿಲ್ಲ. ಒರಟು ಸ್ಫಟಿಕದ ಚೂರನ್ನು ಅರಗಿನಿಂದ ಒಂದು ಕಡ್ಡಿಯ ತುದಿಗೆ ಅಂಟಿಸಬೇಕು. ತಿರುಗುವ ಸಾಣೆ ತಟ್ಟೆಯ ಮೇಲೆ ಲೆಕ್ಕ ಹಾಕಿದ ಕೋನದಲ್ಲಿ ಒತ್ತಿ ಒಂದೊಂದೇ ಮುಖ ತೆಗೆಯಬೇಕು. ಎಲ್ಲ ಮುಖ ಸರಿ ಕೂತರೆ ಮೇಲಿನಿಂದ ಒಳಹೊಕ್ಕ ಬೆಳಕು ತಳಕ್ಕೆ ಬಡಿದು ತಿರುಗಿ ನೋಡುವವರ ಕಣ್ಣಿಗೇ ಬರುತ್ತದೆ. ಅದಕ್ಕೆ ನಾವು ಕಲ್ಲು ಉರಿಯಿತು ಅನ್ನುತ್ತೇವೆ. ನಾವು ಅಂದರೆ ಇಬ್ಬರೇ: ನಾನು, ಮತ್ತು ನನಗೆ ಇದನ್ನು ಕಲಿಸಿದ ಬನಹಟ್ಟಿಯ ಸಂಗಪ್ಪ ಮಿಸ್ತ್ರಿ.

ಸಂಗಪ್ಪನವರು ಪವರ್‌ಲೂಮ್ ರಿಪೇರಿ ಮಾಡುವವರು. ಹನ್ನೊಂದು ವರ್ಷದ ಹಿಂದೆ ನಮ್ಮ ಶಾಲೆಯ ಹುಡುಗಿಯರನ್ನು ಮಗ್ಗ ತೋರಿಸಲು ಬನಹಟ್ಟಿಗೆ ಕರೆದೊಯ್ದಿದ್ದೆ. ಅವರ ಕೆಲಸದ ಕಟ್ಟೆಯ ಮೇಲೆ ಎಣ್ಣೆ ಮೆತ್ತಿದ ಬಿಡಿಭಾಗಗಳ ನಡುವೆ ಒಂದು ಬಿಳಿ ಕಲ್ಲು ಮಿಂಚುತ್ತಿತ್ತು. ಹುಡುಗಿಯರು ಸೀರೆ ನೋಡಲು ಮುಂದೆ ಹೋದರು, ನಾನು ಅಲ್ಲೇ ನಿಂತೆ. ಕೆಟ್ಟ ಮಗ್ಗದಿಂದ ತೆಗೆದ ಅರವತ್ತನಾಲ್ಕು ಹಲ್ಲಿನ ಗಾಲಿಯನ್ನು ಕಡ್ಡಿಯ ಬುಡಕ್ಕೆ ಕೂರಿಸಿ, ಎಂಟೆಂಟು ಹಲ್ಲು ಸರಿಸಿದರೆ ಸರಿಯಾಗಿ ಎಂಟು ಮುಖ ಬರುವ ಯಂತ್ರವನ್ನು ಅವರೇ ಮಾಡಿಕೊಂಡಿದ್ದರು. ಮರುವರ್ಷ ಅಂಥದೇ ಒಂದನ್ನು ನನಗೂ ಮಾಡಿ, ಗೋಣಿಚೀಲ ಸುತ್ತಿ, ಲಾರಿಯಲ್ಲಿ ಕಳಿಸಿದರು. ಅಂದಿನಿಂದ ತಿಂಗಳಿಗೊಂದು ಕಾಗದ. ಅದರಲ್ಲಿ ಕ್ಷೇಮಸಮಾಚಾರ ಒಂದು ಸಾಲು, ಉಳಿದದ್ದೆಲ್ಲ ಕೋನ, ಅರಗು, ಪುಡಿ.

ಹೋದ ವರ್ಷ ಜಮಖಂಡಿಯಾಚೆ ತುಬಚಿ ಕಡೆಯ ಹೊಲವೊಂದರಲ್ಲಿ ಬಾವಿ ತೋಡಲು ಸುರಂಗದ ಮದ್ದು ಹಾರಿಸಿದಾಗ ಕರಿಕಲ್ಲಿನ ಹೊಟ್ಟೆಯಿಂದ ನೇರಳೆ ಬಣ್ಣದ ಹರಳುಗಳು ಬಂದವು. ಪಂಪು ಕೂರಿಸಲು ಹೋಗಿದ್ದ ಸಂಗಪ್ಪನವರು ಅದರಲ್ಲಿ ಒಂದನ್ನು ಆರಿಸಿ ತಂದರು. ಅಡಿಕೆಯಷ್ಟು ದೊಡ್ಡದು, ಒಳಗೆ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಅಷ್ಟರಲ್ಲಿ ಅವರ ಕಣ್ಣು ಮಂಜಾಗತೊಡಗಿತ್ತು. ಮಿರಜದ ಡಾಕ್ಟರು ಗ್ಲಾಕೋಮಾ ಅಂದರು, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಅಂದರು. ಹರಳನ್ನು ನನಗೆ ಕಳಿಸಿಕೊಟ್ಟರು. ಡಿಸೆಂಬರಿನಲ್ಲಿ ಬಂದ ಅವರ ಕಾಗದವನ್ನು ನಾನು ಬಸ್ಸಿನಲ್ಲಿ ಹತ್ತು ಸಲವಾದರೂ ಓದಿರಬೇಕು. ‘ಎಡಗಣ್ಣು ಹೋತು. ಬಲಗಣ್ಣಾಗ ಇನ್ನೂ ಒಂದೀಟು ಬೆಳಕ ಐತಿ. ಅದು ಹೋಗೂದರೊಳಗ ಕಲ್ಲು ತಗೊಂಡು ಬರ್ರಿ. ಒಮ್ಮೆ ಉರಿಯೂದು ಕಂಡರ ಸಾಕು.’ ಅಕ್ಷರ ಎಂದಿನ ಹಾಗೆ ಓರೆಯಾಗಿರದೆ ದುಂಡಗಿದ್ದವು. ಕಣ್ಣು ಕಾಣದ್ದಕ್ಕೆ ನಿಧಾನ ಬರೆದಿದ್ದಾರೆ ಅಂದುಕೊಂಡೆ.

ಸವದತ್ತಿ ದಾಟಿ ಯರಗಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಬಿಸಿಲು ಕಿಟಕಿಯಿಂದ ನೇರ ತೊಡೆಯ ಮೇಲೆ ಬೀಳುತ್ತಿತ್ತು. ನನಗೆ ಕಲ್ಲನ್ನು ಒಮ್ಮೆ ಹಗಲ ಬೆಳಕಿನಲ್ಲಿ ನೋಡುವ ಆಸೆಯಾಯಿತು. ಶಾಲೆ ಮುಗಿಸಿ ಬಂದು ದೀಪದ ಕೆಳಗೇ ಕೊರೆದದ್ದು, ದೀಪದ ಕೆಳಗೇ ಹೊಳಪು ಕೊಟ್ಟದ್ದು, ಕರಿ ಮಖಮಲ್ಲಿನ ಮೇಲಿಟ್ಟು ನೋಡಿ ಹಿಗ್ಗಿದ್ದು. ಈಗ ಸಂಚಿಯಿಂದ ತೆಗೆದು, ತೊಡೆಯ ಮೇಲೆ ಬಿಚ್ಚಿಟ್ಟಿದ್ದ ಕಾಗದದ ಮೇಲೆಯೇ ಇಟ್ಟೆ. ಕಲ್ಲಿನ ನಟ್ಟನಡುವೆ, ನೇರಳೆ ಬಣ್ಣದಡಿಯಲ್ಲಿ, ಸ್ಪಷ್ಟವಾಗಿ ‘ಸಾಕು’ ಎಂದು ಓದಿದೆ. ಸರಿಸಿದೆ. ‘ಬೆಳಕ’ ಎಂದು ಓದಿದೆ.

ಕಲ್ಲಿನ ಮೂಲಕ ಕೆಳಗಿನ ಅಕ್ಷರ ಕಂಡಿತೆಂದರೆ ಕಲ್ಲು ಸತ್ತಿದೆ ಎಂದರ್ಥ. ಬೆಳಕು ತಳದಲ್ಲಿ ತಿರುಗುತ್ತಿಲ್ಲ, ಸೋರಿ ಹೋಗುತ್ತಿದೆ. ನಾವು ಇದಕ್ಕೆ ಕಿಟಕಿ ಅನ್ನುತ್ತೇವೆ. ಹೇಗಾಯಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಸ್ಫಟಿಕದ ತಳಕ್ಕೆ ನಲವತ್ಮೂರು ಡಿಗ್ರಿ ಬೇಕು. ಆದರೆ ಹರಳು ಅಗಲವಿತ್ತು, ದಪ್ಪ ಕಡಿಮೆಯಿತ್ತು. ನಲವತ್ಮೂರಕ್ಕೆ ಕೊರೆದರೆ ಅಗಲವೆಲ್ಲ ಸವೆದು ಮಣ್ಣಾಗುತ್ತಿತ್ತು. ಇಷ್ಟು ಚಂದದ ಕಲ್ಲನ್ನು ಸಣ್ಣದು ಮಾಡಲು ಮನಸ್ಸು ಬರದೆ ಮೂವತ್ತೊಂಬತ್ತಕ್ಕೆ ಇಳಿಸಿದೆ, ನಾಲ್ಕೇ ಡಿಗ್ರಿ, ಏನಾಗುತ್ತದೆ ಅಂದುಕೊಂಡೆ. ಏನಾಗುತ್ತದೆ ಎಂಬುದನ್ನು ಪ್ರತಿ ವರ್ಷ ಹತ್ತನೆಯ ತರಗತಿಗೆ ಬೋರ್ಡಿನ ಮೇಲೆ ಬಾಣ ಎಳೆದು ಕಲಿಸುವವಳು ನಾನೇ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅಳು ಬಂತು, ತಡೆಯಲಿಲ್ಲ.

ಪಕ್ಕದಲ್ಲಿ ಬೀಳಗಿಗೆ ಹೋಗುವ ಮುದುಕಿಯೊಬ್ಬಳು ಕೂತಿದ್ದಳು. ಸ್ವಲ್ಪ ಹೊತ್ತು ನೋಡಿ, “ಯಾರರ ತೀರಿಕೊಂಡಾರೇನ ತಂಗಿ?” ಅಂದಳು.

“ಇಲ್ಲವ್ವ.”

“ಯಾರೂ ತೀರಿಕೊಂಡಿಲ್ಲಂದ್ರ ಈ ರೊಟ್ಟಿ ತಿನ್ನು. ಹಸದಾಗ ಅಳು ಭಾಳ ಬರ್ತೈತಿ.”

ಸಜ್ಜೆರೊಟ್ಟಿ, ಮೇಲೆ ಗುರೆಳ್ಳು ಪುಡಿ. ತಿಂದೆ. ಲೋಕಾಪುರದಲ್ಲಿ ಗಾಡಿ ಅರ್ಧ ಖಾಲಿಯಾಯಿತು. ಮುಧೋಳದಲ್ಲಿ ಮುದುಕಿ ಬೀಳಗಿ ಗಾಡಿ ಹಿಡಿಯಲು ಇಳಿದಳು. ನಾನೂ ಅಲ್ಲೇ ಇಳಿದು ಮಹಾಲಿಂಗಪುರದ ಮೇಲೆ ಬನಹಟ್ಟಿಗೆ ಹೋಗಬೇಕಿತ್ತು. ಎದುರಿಗೆ ಧಾರವಾಡಕ್ಕೆ ತಿರುಗಿ ಹೋಗುವ ಗಾಡಿಯೂ ನಿಂತಿತ್ತು. ಎದ್ದು ಬಾಗಿಲ ತನಕ ಬಂದೆ. ಅಲ್ಲಿ ನಿಂತಾಗ ತಲೆಗೆ ಬಂದದ್ದು ಆ ಬಾವಿ. ಒಂದು ಹರಳು ಬಂದ ಕಡೆ ಇನ್ನೊಂದು ಇಲ್ಲದೆ ಇದ್ದೀತೇ? ಅದನ್ನು ತಂದು ಸಂಗಪ್ಪನವರ ಯಂತ್ರದ ಮೇಲೇ ಕೊರೆದರಾಯಿತು. ತಿರುಗಿ ಬಂದು ಸೀಟಿನಲ್ಲಿ ಕೂತೆ. ಕಂಡಕ್ಟರಿಗೆ ಜಮಖಂಡಿ ತನಕದ ಎರಡೂವರೆ ರೂಪಾಯಿ ಕೊಟ್ಟೆ.

ಜಮಖಂಡಿ ಮುಟ್ಟಿದಾಗ ಮೂರು ಗಂಟೆ. ತುಬಚಿ ಕಡೆಗೆ ಹೋಗುವ ಟೆಂಪೋ ಬೆಳಿಗ್ಗೆಯೇ ಎಂದರು. ನಿಲ್ದಾಣದ ಹತ್ತಿರ ಒಂದು ಲಾಜಿಗೆ ಹೋದೆ. ಗಲ್ಲೆಯ ಮೇಲೆ ಕೂತಿದ್ದ ಯಜಮಾನರು ನನ್ನ ಕೆಂಪಾದ ಕಣ್ಣು ನೋಡಿದರು, ಚೀಲ ನೋಡಿದರು, ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು.

“ಒಬ್ರ ಅದೀರೇನ್ರಿ?”

“ಒಬ್ಬಾಕಿನ.”

“ಏನ ಕೆಲಸದ ಮ್ಯಾಲೆ ಬಂದ್ರಿ?”

“ಒಂದು ಬಾವಿ ನೋಡೂದೈತ್ರಿ.”

ಅವರು ತೆರೆದಿದ್ದ ರಿಜಿಸ್ಟರನ್ನು ಮುಚ್ಚಿದರು. “ಬಾವಿ ಗೀವಿ ಬ್ಯಾಡ್ರಿ ಅಕ್ಕಾರ. ಏನ ತ್ರಾಸ ಇದ್ರೂ ನಾಕ ದಿನಕ್ಕ ಕಡಿಮಿ ಆಗತೈತಿ. ಮನಿಗೆ ಹೋಗ್ರಿ.”

ಅವರ ಮುಖ ಬಿಳಿಚಿದ್ದನ್ನು ಕಂಡಮೇಲೆ ನಾನು ಏನು ಹೇಳಿಬಿಟ್ಟೆನೆಂದು ಗೊತ್ತಾಯಿತು. ಸಂಚಿ ಬಿಚ್ಚಿ ಕಲ್ಲು ತೋರಿಸಿ, ಭೂತಗನ್ನಡಿ ತೋರಿಸಿ, ಶಾಲೆಯ ಹೆಸರು ಹೇಳಿ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಕಲ್ಲನ್ನು ಬೆಳಕಿಗೆ ಹಿಡಿದು, “ಛಲೋ ಐತಲ್ರಿ, ಇದಕ್ಕೇನಾಗೇತಿ?” ಅಂದರು. ಗೊತ್ತಿಲ್ಲದವರ ಕಣ್ಣಿಗೆ ಅದು ಛಲೋ ಇತ್ತು. ಕೋಣೆ ಕೊಟ್ಟರು, ಆದರೆ ಪೂರ್ತಿ ನಂಬಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಬಂದು ಟೆಂಪೋ ಹತ್ತಿಸಿ, ಡ್ರೈವರನಿಗೆ, “ಇವರನ್ನ ಹೊಳ್ಳಿ ಕರಕೊಂಡ ಬರಬೇಕ ನೋಡಪಾ” ಎಂದು ಹೇಳಿದರು.

ಬಾವಿ ಹುಡುಕುವುದು ಕಷ್ಟವಾಗಲಿಲ್ಲ. ಸುತ್ತ ಕಬ್ಬು ಆಳೆತ್ತರ ನಿಂತಿತ್ತು, ಬಾವಿಯಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿತ್ತು. ಹೊಲದ ಯಜಮಾನ ಖುಷಿಯ ಮನುಷ್ಯ. ಕಬ್ಬಿನ ಹಾಲು ಕುಡಿಸದೆ ಮಾತಿಗೇ ಬರಲಿಲ್ಲ. ಹರಳಿನ ವಿಷಯ ಕೇಳಿದಾಗ ನಕ್ಕ.

“ಬಣ್ಣದ ಹರಳೇನ್ರಿ? ಟ್ರ್ಯಾಕ್ಟರ್ ತುಂಬ ಬಂದಿದ್ವು. ಮಳಿಗಾಲದಾಗ ಈ ಹಾದ್ಯಾಗ ಗಾಡಿ ಹುಗೀತಿತ್ತು. ಎಲ್ಲಾ ಒಡಸಿ ಖಡಿ ಮಾಡಿ ಹಾಕಿ, ಮ್ಯಾಲೆ ರೋಲರ್ ಹೊಡಸೇವಿ. ಈಗ ನೋಡ್ರಿ, ಹಾದಿ ಹೆಂಗೈತಿ.”

ಹಾದಿ ನಿಜಕ್ಕೂ ಗಟ್ಟಿಯಾಗಿತ್ತು. ನಾನು ಬರುವಾಗ ಅದರ ಮೇಲೆಯೇ ನಡೆದು ಬಂದಿದ್ದೆ. ಹೋಗುವಾಗ ನೆಲ ನೋಡುತ್ತ ಹೋದೆ. ಧೂಳಿನಡಿಯಲ್ಲಿ ಅಲ್ಲಲ್ಲಿ ನೇರಳೆ ಮಿನುಗುತ್ತಿತ್ತು. ಕೂತು ತಲೆಯ ಪಿನ್ನಿನಿಂದ ಕೆದಕಿದರೆ ಸಾಸಿವೆಯಷ್ಟು, ಎಳ್ಳಿನಷ್ಟು. ಅರ್ಧ ಮೈಲಿ ಹಾಗೆ ಕೆದಕುತ್ತ ನಡೆದೆ. ಕೈಗೆ ಬಂದದ್ದು ಒಂದು ಚಿಟಿಕೆ ಪುಡಿ. ಅದನ್ನು ಅಲ್ಲೇ ಹಾಕಿ ಟೆಂಪೋ ಹತ್ತಿದೆ.

ಜಮಖಂಡಿಯಿಂದ ಬನಹಟ್ಟಿಗೆ ಮುಕ್ಕಾಲು ಗಂಟೆಯ ದಾರಿ. ಬನಹಟ್ಟಿ ಬಂತೆಂದು ಹೇಳುವುದು ಕಿವಿ. ಓಣಿಓಣಿಯಲ್ಲಿ ಮಗ್ಗಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ಸಂಗಪ್ಪನವರ ಮನೆ ಒಳ ಓಣಿಯಲ್ಲಿ, ಮಣ್ಣಿನ ಮಾಳಿಗೆಯದು, ಪಡಸಾಲೆಗೆ ಬೆಳಕು ಮಾಳಿಗೆಯ ಬೆಳಕಿಂಡಿಯಿಂದಲೇ. ಅವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತರೂ ಮುಖ ಎತ್ತಲಿಲ್ಲ. “ಮಿಸ್ತ್ರಿ” ಎಂದು ಕರೆದಾಗ ಎದ್ದು ನಿಂತರು, ಆದರೆ ನಾನಿದ್ದ ಕಡೆಗಲ್ಲ, ಒಂದಿಷ್ಟು ಬಲಕ್ಕೆ ಕೈ ಮುಗಿದರು. ಬಲಗೈ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿತ್ತು.

ಬಲಗಣ್ಣಿನಲ್ಲಿ ಒಂದೀಟೂ ಬೆಳಕಿರಲಿಲ್ಲ. ಕಾಗದ ಬರೆಯುವ ಮೊದಲೇ ಹೋಗಿತ್ತು.

“ಕಾಗದ ಬರದಾಕಿ ಈಕಿ” ಎಂದು ಅವರು ಹೆಂಡತಿ ಗೌರವ್ವನ ಕಡೆಗೆ ತಲೆ ಆಡಿಸಿದರು. “ಬೀಳಗ್ಯಾಗ ಏಳನೇತ್ತೆ ತನಕ ಕಲತಾಳ. ನಿಮ್ಮವು ಬಂದ್ರ ಓದಿ ಹೇಳಾಕಿನೂ ಈಕಿನ.” ಗೌರವ್ವ ಚಹಾ ತಂದಿಟ್ಟು, “ಸುಳ್ಳು ಬರಸಬ್ಯಾಡ್ರಿ ಅಂತ ಹೇಳಿದ್ನಿರಿ. ಕೇಳಲಿಲ್ಲ” ಎಂದು ಒಳಗೆ ಹೋದಳು. ಹನ್ನೊಂದು ವರ್ಷದಲ್ಲಿ ನಾನು ಅವಳ ಜೊತೆ ಹತ್ತು ಮಾತು ಆಡಿದ್ದೇನೋ ಇಲ್ಲವೋ. ನನ್ನನ್ನು ಕಂಡರೆ ಅವಳಿಗೆ ಆಗುವುದಿಲ್ಲವೆಂದು ಗೊತ್ತಿತ್ತು. ದೀಪದ ಮುಂದೆ ಕಲ್ಲು ಹಿಡಿದು ಕೂತೇ ಗಂಡನ ಕಣ್ಣು ಹೋದವೆಂದು ಅವಳ ನಂಬಿಕೆ. ಡಾಕ್ಟರು ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದರೂ ಅವಳು ಒಪ್ಪಿರಲಿಲ್ಲ.

ಅವಳು ಒಳಗೆ ಹೋದಮೇಲೆ ಸಂಗಪ್ಪನವರು ದನಿ ಇಳಿಸಿದರು. “ನಾ ನೋಡೂದಲ್ರಿ ಅಕ್ಕಾರ. ಆಕಿ ನೋಡ್ಬೇಕು. ಆಕಿ ಒಂದ ಕಲ್ಲನ್ನೂ ಕೈಯಾಗ ಹಿಡದಾಕಿ ಅಲ್ಲ. ಏನೂ ಇಲ್ಲದ್ದಕ್ಕ ಕಣ್ಣು ಕಳಕೊಂಡ ಅಂತ ತಿಳಕೊಂಡಾಳ. ಏನೋ ಇತ್ತು ಅಂತ ಆಕಿಗೆ ಒಮ್ಮೆ ಕಾಣಬೇಕು. ಅಷ್ಟ.” ಆಮೇಲೆ ಅಂಗೈ ಚಾಚಿದರು.

ನಾನು ಸುಳ್ಳು ಹೇಳಲು ಸಿದ್ಧಳಾಗಿದ್ದೆ. ಕಲ್ಲನ್ನು ಅಂಗೈಯಲ್ಲಿಟ್ಟೆ. ಅವರು ಅದನ್ನು ಬೋರಲು ಮಾಡಿ, ತಳದ ಇಳಿಜಾರಿನ ಮೇಲೆ ಉಗುರು ಎಳೆದರು. ಒಮ್ಮೆ, ಎರಡು ಸಲ.

“ನಲವತ್ತರ ಒಳಗ ಐತ್ರಿ ಇದು.”

“ಮೂವತ್ತೊಂಬತ್ತು.”

“ಲೋಭ ಮಾಡೀರಿ.”

“ಮಾಡೇನ್ರಿ” ಅಂದೆ. ಬಾವಿಗೆ ಹೋಗಿ ಬಂದದ್ದನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ತಿರುಗಿ ಕೊರೀರಿ. ಸಣ್ಣದಾಗ್ಲಿ. ಕಡ್ಲಿಕಾಳಿನಷ್ಟು ಉಳದ್ರೂ ಸಾಕು” ಅಂದರು.

ಆ ದಿನ ಎರಡು ಗಂಟೆಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತು ಓಣಿಯಲ್ಲಿ ಕಾಗೆಯ ದನಿ ಕೇಳಿತು. ನಾಳೆ ಸಂಜೆಯ ತನಕ ಬರುವುದಿಲ್ಲವೆಂದು ಯಾರೋ ಹೇಳಿಹೋದರು. ಸೋಮವಾರ ನನಗೆ ಶಾಲೆಯಿತ್ತು, ಕಾಯುವಂತಿರಲಿಲ್ಲ. ಮೋಟಾರಿಲ್ಲದೆ ಸಾಣೆ ತಟ್ಟೆ ತಿರುಗುವುದು ಹೇಗೆ? ಮೂಲೆಯಲ್ಲಿ ಗೌರವ್ವನ ರಾಟಿಯಿತ್ತು, ಮಗ್ಗದ ಲಾಳಿಯ ಕಂಡಕಿಗೆ ನೂಲು ಸುತ್ತುವುದು. ಅದರ ದೊಡ್ಡ ಗಾಲಿಯಿಂದ ತಟ್ಟೆಯ ಅಚ್ಚಿಗೆ ಹಗ್ಗ ಹಾಕಿದರೆ ಆಗುತ್ತಿತ್ತು. ಸಂಗಪ್ಪನವರು ತಡವರಿಸುತ್ತ ತಾವೇ ಹಗ್ಗ ಹಾಕಿದರು. ಆದರೆ ರಾಟಿಯನ್ನು ಒಂದೇ ಹದದಲ್ಲಿ ತಿರುಗಿಸಬಲ್ಲ ಕೈ ಆ ಮನೆಯಲ್ಲಿ ಒಂದೇ ಇತ್ತು.

ಗೌರವ್ವ ಸೆರಗು ಸಿಕ್ಕಿಸಿಕೊಂಡು ಬಂದು ಕೂತಳು. “ತಿರಗಸ್ತೇನಿ. ಆದ ಮ್ಯಾಲೆ ಒಂದ ಸಲ ನೋಡ್ತೇನಿ. ಅದಾದಿಂದ ಈ ಸಾಮಾನೆಲ್ಲಾ ಅಟ್ಟಕ್ಕ. ಮತ್ತ ಈ ಮನ್ಯಾಗ ಕಲ್ಲಿನ ಮಾತ ತಗೀಬಾರ್ದು” ಅಂದಳು. ಸಂಗಪ್ಪನವರು, “ಆತು” ಅಂದರು.

ಶುಕ್ರವಾರ ಮಧ್ಯಾಹ್ನ, ಶನಿವಾರ ಬೆಳಗಿನಿಂದ ಸಂಜೆ. ಕಲ್ಲಿನ ಮೇಲ್ಭಾಗವನ್ನು ಅರಗಿನಲ್ಲಿ ಕೂರಿಸಿ, ತಳವನ್ನು ಮೊದಲಿನಿಂದ ತೆಗೆದೆವು. ಎಂಟು ದೊಡ್ಡ ಮುಖ, ಹದಿನಾರು ಸಣ್ಣ ಮುಖ. ಪ್ರತಿ ಮುಖವೂ ಎರಡು ಸಲ, ಮೊದಲು ಕೊರೆಯಲು, ಆಮೇಲೆ ಹೊಳಪಿಗೆ. ಸಂಗಪ್ಪನವರು ತಟ್ಟೆಯ ಪಕ್ಕ ಕಿವಿ ಕೊಟ್ಟು ಕೂತಿದ್ದರು. ಕಲ್ಲು ತಟ್ಟೆಗೆ ತಾಗುವ ಸದ್ದು ಸಣ್ಣಗಾದ ಕೂಡಲೇ “ಬಿಡ್ರಿ” ಅನ್ನುವರು. ನಾನು ನೋಡಿದರೆ ಮುಖದ ಅಂಚು ಸರಿಯಾಗಿ ಪಕ್ಕದ ಅಂಚಿಗೆ ಬಂದು ಕೂಡಿರುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ಅಂಥ ಮನುಷ್ಯನ ಕೈಗೆ ಇನ್ನೊಂದು ಕಲ್ಲು ಸಿಗುವುದಿಲ್ಲವೆಂದು ನೆನೆದಾಗೆಲ್ಲ ನಾನು ಗಾಲಿಯ ಹಲ್ಲು ಮತ್ತೊಮ್ಮೆ ಎಣಿಸುತ್ತಿದ್ದೆ. ಗೌರವ್ವ ಒಂದೇ ಹದದಲ್ಲಿ ತಿರುಗಿಸುತ್ತಿದ್ದಳು. ರೊಟ್ಟಿ ಬಡಿಯಲು ಎದ್ದು ಹೋಗಿ ಮತ್ತೆ ಬಂದು ಕೂರುತ್ತಿದ್ದಳು. ಅವಳ ಭುಜ ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

ಶನಿವಾರ ನಾಲ್ಕೂವರೆಗೆ ಕೊನೆಯ ಮುಖ ಮುಗಿಯಿತು. ಕಲ್ಲು ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಉಳಿದಿತ್ತು. ಇನ್ನು ಕಡ್ಡಿಯನ್ನು ಕೆಂಡದ ಮೇಲೆ ಹಿಡಿದು ಅರಗು ಮೆತ್ತಗಾದಾಗ ಕಲ್ಲನ್ನು ಬಿಡಿಸಬೇಕು, ಬೂದಿಯಲ್ಲಿಟ್ಟು ತಾನಾಗಿ ಆರಲು ಅರ್ಧ ಗಂಟೆ ಬಿಡಬೇಕು, ಆಮೇಲೆ ಒರೆಸಬೇಕು. ಗೌರವ್ವ ರಾಟಿ ಬಿಟ್ಟು ಭುಜ ಒತ್ತಿಕೊಂಡಳು. “ಆತಲ್ರಿ? ನೀರಿನ ಪಾಳಿ ಬಂದೈತಿ, ನಾ ಕೊಡ ತರ್ತೇನಿ” ಎಂದು ಏಳಲು ನೆಲಕ್ಕೆ ಕೈ ಊರಿದಳು.

“ಲಗೂ ಮಾಡ್ರಿ ಅಕ್ಕಾರ” ಅಂದರು ಸಂಗಪ್ಪನವರು. “ಈಗ ಎದ್ದಳಂದ್ರ ಮತ್ತ ಕುಂದ್ರೂದಿಲ್ಲ.”

ಅವಳು ಎದ್ದು ಹೋಗಿಬಿಡುತ್ತಾಳೆಂಬ ಒಂದೇ ಹೆದರಿಕೆಯಲ್ಲಿ ನಾನು ಕಲ್ಲನ್ನು ಬಿಡಿಸಿ, ಚಿಮಟಿಗೆಯಲ್ಲಿ ಹಿಡಿದು, ಪಡಸಾಲೆ ದಾಟಿ, ಮಣ್ಣಿನ ಗಡಿಗೆಯಿಂದ ಆಗತಾನೇ ತುಂಬಿಟ್ಟಿದ್ದ ನೀರಿನ ಬಟ್ಟಲಿಗೆ ಹಾಕಿದೆ. ಕೈ ಬಿಟ್ಟ ಕ್ಷಣ ನೆನಪಾಯಿತು. ಚಟ್ ಎಂದು ಸಣ್ಣ ಸದ್ದು. ಹತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು.

ಸಂಗಪ್ಪನವರಿಗೆ ಕೇಳಿಸಿತ್ತು. “ಗೌರಿ, ಏನ ಕಾಣತೈತಿ?” ಅಂದರು.

ಗೌರವ್ವ ಬಂದು ಬಟ್ಟಲಿನಲ್ಲಿ ಬಗ್ಗಿ ನೋಡಿದಳು. “ಒಡದೈತ್ರಿ.”

“ಎಷ್ಟ ತುಂಡು?”

“ಎರಡು.”

“ದೊಡ್ಡದನ್ನ ಬೆಳಕಿಗೆ ಹಿಡಿ. ಅದರಾಗರ ಏನರ ಐತೇನು?”

ಅವಳು ಎತ್ತಿ ಹಿಡಿದಳು. ನಾನೂ ನೋಡಿದೆ. “ಏನಿಲ್ರಿ” ಅಂದಳು. “ಗಾಜಿನ ಚೂರ ಇದ್ದಂಗ ಐತಿ.”

“ತಪ್ಪು ನಂದರಿ, ಮಿಸ್ತ್ರಿ” ಅಂದೆ. ಅವರು ಕೈ ಚಾಚಿ ಹಗ್ಗ ಹುಡುಕಿ, ಗಾಲಿಯಿಂದ ಕಳಚಿ, ಅಂಗೈಗೆ ಸುತ್ತತೊಡಗಿದರು. “ಬಿಸಿ ಕಲ್ಲು ನೀರಿಗೆ ಹಾಕಬಾರದಂತ ನಿಮಗ ಮೊದಲನೇ ಕಾಗದದಾಗ ಬರದಿದ್ನೆಲ್ರಿ” ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆಮೇಲೆ ಗೌರವ್ವನಿಗೆ, “ನಿನ್ನ ರಾಟಿ ಒಯ್ಯಿ” ಅಂದರು. ಸಂಜೆ ಕರೆಂಟು ಬಂದು ಮಗ್ಗಗಳು ಶುರುವಾದವು.

ಭಾನುವಾರ ಬೆಳಿಗ್ಗೆ ಹೊರಟಾಗ ಸಂಗಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಯಂತ್ರ ಅಟ್ಟ ಸೇರಿತ್ತು. “ನಿಮ್ಮ ಯಂತ್ರಕ್ಕ ಎಣ್ಣಿ ಹಾಕ್ಕೋತ ಇರ್ರಿ” ಎಂದಷ್ಟೇ ಹೇಳಿದರು. ಬಸ್ ನಿಲ್ದಾಣದ ತನಕ ಗೌರವ್ವ ಜೊತೆಗೆ ಬಂದಳು. ಬೇಡವೆಂದರೂ ಚೀಲ ಹಿಡಿದಳು. ಮಹಾಲಿಂಗಪುರದ ಗಾಡಿ ಬಂದು ನಿಂತು, ನಾನು ಒಂದು ಕಾಲು ಮೇಲಿಟ್ಟಾಗ ಚೀಲ ಕೊಡುತ್ತ ಅಂದಳು:

“ನಾ ಅದನ್ನ ನೋಡೇನ್ರಿ.”

“ಯಾವುದನ್ನ?”

“ಉರಿಯೂದನ್ನ. ನೀವು ಚಿಮಟಿಗ್ಯಾಗ ಹಿಡದು ನೀರಿಗೆ ಒಯ್ಯೂ ಮುಂದ ಬೆಳಕಿಂಡಿ ಬಿಸಲಾಗ ಹಾದು ಹೋದ್ರೆಲ್ರಿ, ಆಗ. ನಿಮ್ಮ ಲಕ್ಷ್ಯ ಬಟ್ಟಲದ ಮ್ಯಾಲಿತ್ತು. ಬೆಳಕ ಗ್ವಾಡಿ ತುಂಬ ಬಿತ್ತು, ನನ್ನ ಸೀರಿ ಮ್ಯಾಲೂ ಬಿತ್ತು. ಇಷ್ಟ ವರ್ಷ ಅವರು ಯಾಕ ಕುಂದರತಿದ್ರು ಅಂತ ಆಗ ತಿಳೀತು.”

ನಾನು ಕಾಲು ಕೆಳಗಿಳಿಸಿದೆ. “ಅವರಿಗೆ ಹೇಳೀರೇನು?”

“ಇಲ್ಲ. ಹೇಳಂಗೂ ಇಲ್ಲ.”

“ಯಾಕ್ರಿ ಗೌರವ್ವ? ಅದೊಂದ ಮಾತಿಗೆ ಅಲ್ಲೇನ್ರಿ ಅವರು ಕಾಯ್ಕೋತ ಕುಂತದ್ದು?”

“ಹೇಳಿದ್ರ ನಾಳಿನ ಮತ್ತೊಂದು ಕಲ್ಲು ಅಂತಾರ. ಹೋದ ತಿಂಗಳ ನಾ ನೀರಿಗೆ ಹೋದಾಗ ಅವರು ಒಬ್ರ ಸಾಣಿ ತಟ್ಟಿ ಮುಂದ ಕುಂತಿದ್ರು. ಹೆಬ್ಬಟ್ಟಿನ ಚರ್ಮ ಹೋಗಿ ಎಲುವು ಕಾಣತಿತ್ತು. ಕಣ್ಣಂತೂ ಹೋದ್ವು. ಕೈಯಾರ ಉಳೀಲಿ.”

“ಹಂಗಾದ್ರ ನಾನ ಅವರಿಗೆ ಬರೀತೇನಿ” ಅಂದೆ.

“ಬರೀರಿ” ಅಂದಳು. “ಓದಾಕಿ ನಾನ.”

ಗಾಡಿ ಹೊರಟಿತು. ಹಿಂದಿರುಗಿ ನೋಡಿದಾಗ ಅವಳು ಆಗಲೇ ಓಣಿಯ ಕಡೆಗೆ ತಿರುಗಿ ಬೇಗ ಬೇಗ ನಡೆಯುತ್ತಿದ್ದಳು. ಮಹಾಲಿಂಗಪುರದಲ್ಲಿ ಬೆಲ್ಲದ ಗಾಡಿಗಳ ಸಾಲಿನಿಂದ ನಮ್ಮ ಬಸ್ಸು ಅರ್ಧ ತಾಸು ನಿಂತಿತು. ಮುಧೋಳ, ಲೋಕಾಪುರ, ಯರಗಟ್ಟಿ, ಎಲ್ಲವೂ ತಿರುಗಿ ಬಂದವು. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಯೋಚನೆ. ಆ ಕಲ್ಲು ಉರಿದಿತ್ತು, ಅದನ್ನು ಕೊರೆದ ನಾನೂ ನೋಡಲಿಲ್ಲ, ಹೆಕ್ಕಿ ತಂದ ಅವರೂ ನೋಡಲಿಲ್ಲ.

ಮನೆಗೆ ಬಂದ ರಾತ್ರಿಯೇ ಕಾಗದ ಬರೆದೆ. ಮೊದಲು ಪ್ರಯಾಣದ ಮಾತು, ಶಾಲೆಯ ಮಾತು. ನಡುವೆ ಒಂದು ಸಾಲು: ‘ಕಲ್ಲು ಒಡೆಯುವ ಮೊದಲು ಉರಿದಿತ್ತು, ನಿಮ್ಮ ಮನೆಯವರು ತಮ್ಮ ಕಣ್ಣಾರೆ ನೋಡಿದ್ದಾರೆ.’ ಅದನ್ನು ಹೊಡೆದು ಹಾಕಬೇಕೆಂದು ಎರಡು ಸಲ ಪೆನ್ನು ಎತ್ತಿದೆ, ಹೊಡೆಯಲಿಲ್ಲ. ಗೌರವ್ವನ ಮಾತು ತಪ್ಪೆಂದು ನನಗೆ ಈಗಲೂ ಹೇಳಲಾಗುವುದಿಲ್ಲ. ಆದರೂ ಅಂಚೆಗೆ ಹಾಕಿದೆ.

ಹನ್ನೆರಡನೆಯ ದಿನ ಒಂದು ಕಾರ್ಡು ಬಂತು, ದುಂಡಗಿನ ಅಕ್ಷರದಲ್ಲಿ. ‘ನಿಮ್ಮ ಕಾಗದ ಮುಟ್ಟಿತು. ಓದಿ ಹೇಳಿದೆನು. ಸುಖವಾಗಿ ಊರು ಸೇರಿದ್ದು ಕೇಳಿ ಅವರಿಗೆ ಸಮಾಧಾನವಾಯಿತು. ಹೆಬ್ಬೆಟ್ಟಿನ ಗಾಯ ಮಾಯ್ದಿದೆ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ.’ ಕಲ್ಲಿನ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಓದಿ ಹೇಳಿದೆನು ಎಂದು ಬರೆದಿದ್ದಾಳೆ. ಎಷ್ಟು ಓದಿ ಹೇಳಿದಳೆಂದು ಕೇಳಿ ಬರೆದರೆ, ಅದನ್ನು ಓದುವವಳೂ ಅವಳೇ.